ಕಾರ್ಕಳದಲ್ಲಿ ನೈಲ್ ನದಿ ಕೆಂಪಾದದ್ದು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಮ್ಮ ಸಭೆಯವರು ನನ್ನನ್ನು ಕಾರ್ಕಳದ ಹೊರಗಿನ ಒಂದು ಸಣ್ಣ ಇಗರ್ಜಿಗೆ ಎರಡು ವಾರದ ಮಟ್ಟಿಗೆ ಕಳುಹಿಸಿದರು. ನಾನಾಗ ಬನ್ನಂಜೆಯಲ್ಲಿ ಅಮ್ಮನ ಜೊತೆ ಇದ್ದುಕೊಂಡು ಉಡುಪಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಾರ್ಕಳದಲ್ಲಿ ಮಾಡಬೇಕಾದ ಕೆಲಸ ಇಷ್ಟು: ಮಕ್ಕಳಿಗೆ ರಜೆಯ ಬೈಬಲ್ ಶಾಲೆ ನಡೆಸಬೇಕು, ಕೊನೆಯ ಭಾನುವಾರ ಅವರು ಕಲಿತದ್ದನ್ನು ಸಭೆಯ ಮುಂದೆ ತೋರಿಸಬೇಕು. ಹಿಂದಿನ ವರ್ಷ ಹೋಗಿದ್ದ ಉಪದೇಶಿಯೊಬ್ಬರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದರಿಂದ ಮಕ್ಕಳೆಲ್ಲ ಗೇರುಗುಡ್ಡೆಗೆ ಓಡಿಹೋಗಿ, ಅವರು ಖಾಲಿ ಬೆಂಚುಗಳಿಗೆ ದಾವೀದನ ಕಥೆ ಹೇಳಿ ಮುಗಿಸಿದ್ದರಂತೆ. ಈ ವರ್ಷವೂ ಹಾಗಾದರೆ ಶಾಲೆಯನ್ನೇ ನಿಲ್ಲಿಸುವುದೆಂದು ಅಲ್ಲಿಯ ಸಮಿತಿ ತೀರ್ಮಾನಿಸಿತ್ತು.

ಬಣ್ಣ ಹಾಕಿಸಿ ಕಥೆ ಕಲಿಸೋಣ ಎಂಬುದು ನನ್ನ ಸಲಹೆ. ದಿನಕ್ಕೊಂದು ಕಥೆ, ಕಥೆಗೊಂದು ಗೆರೆಚಿತ್ರ. ಬಣ್ಣ ತುಂಬುತ್ತ ಕುಳಿತ ಮಗು ಓಡಿಹೋಗುವುದಿಲ್ಲ. ಈ ಮುದುಕನ ಕೈಯಲ್ಲಿ ಕೋಲು ಯಾಕೆ, ಆ ಹೆಂಗಸು ಬುಟ್ಟಿಯನ್ನು ನೀರಿಗೆ ಬಿಡುವುದು ಯಾಕೆ ಎಂದು ತಾನಾಗಿಯೇ ಕೇಳುತ್ತದೆ. ಕೇಳಿದ ಮೇಲೆ ಹೇಳಿದ ಕಥೆ ಮರೆಯುವುದಿಲ್ಲ. ನನ್ನ ಶಾಲೆಯಲ್ಲಿ ಇದನ್ನು ನಾನು ಕಂಡಿದ್ದೆ.

ಚಿತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿಸಬೇಕಿತ್ತು. ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಯಂತ್ರವಿತ್ತು. ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಗೆರೆ ಎಳೆದರೆ ಅಲ್ಲಿ ಮೇಣ ಸರಿದು ಶಾಯಿ ಇಳಿಯಲು ದಾರಿಯಾಗುತ್ತದೆ. ನೇರ ಗೆರೆಗೆ ತೊಂದರೆಯಿಲ್ಲ. ಸಣ್ಣ ವೃತ್ತ ಎಳೆದು ತುದಿ ಕೂಡಿಸಿದಿರೋ, ಒಳಗಿನ ತುಂಡೇ ಕಳಚಿ ಬರುತ್ತದೆ. ನನ್ನ ಮೊದಲ ಸ್ಟೆನ್ಸಿಲ್‌ನಲ್ಲಿ ನೋಹನ ಎರಡೂ ಕಣ್ಣುಗಳು ಹೀಗೆ ಉದುರಿಹೋಗಿ, ಅಚ್ಚಾದಾಗ ಮುಖಕ್ಕೆ ಎರಡು ಇದ್ದಿಲಿನ ತುಂಡು ಅಂಟಿಸಿದ ಹಾಗಿತ್ತು. ಆನೆ, ಒಂಟೆ, ಪಾರಿವಾಳ, ಎಲ್ಲಕ್ಕೂ ಅದೇ ಗತಿ. ತಿದ್ದುವ ದ್ರವ ಹಚ್ಚಿ, ಊದಿ ಒಣಗಿಸಿ, ಮತ್ತೆ ಗೀರಿದೆ. ಮತ್ತೆ ಉದುರಿದವು. ಕೊನೆಗೆ ಬೇಸತ್ತು ಎಲ್ಲರ ಕಣ್ಣುಗಳನ್ನೂ ಮುಚ್ಚಿಬಿಟ್ಟೆ: ಒಂದು ಬಾಗಿದ ಗೆರೆ, ಕೆಳಗೆ ನಾಲ್ಕು ರೆಪ್ಪೆ.

ಇನ್‌ಸ್ಟಿಟ್ಯೂಟಿನ ಯಜಮಾನರು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಟೀಚರೇ, ಇವರೆಲ್ಲ ಎಂತಕ್ಕೆ ನಿದ್ದೆ ಮಾಡುವುದು?"

"ಪ್ರಾರ್ಥನೆ ಮಾಡ್ತಾ ಇದ್ದಾರೆ."

"ಈ ಸಿಂಹ ಸಹ?"

"ಸಿಂಹ ಸಹ."

"ಒಳ್ಳೆಯ ಸಿಂಹ ಮಾರಾಯ್ರೆ," ಎಂದು ಅವರು ಹ್ಯಾಂಡಲ್ ತಿರುಗಿಸತೊಡಗಿದರು.

ಮೇಣದ ಬಣ್ಣದ ಕಡ್ಡಿಗಳನ್ನು ಸಭೆಯವರೇ ಕೊಡಿಸಿದ್ದರು, ಒಂದು ರಟ್ಟಿನ ಪೆಟ್ಟಿಗೆ ತುಂಬ. ಕಾರ್ಕಳದ ಬಸ್ಸು ಎಂದಿನಂತೆ ತುಂಬಿ ತುಳುಕುತ್ತಿತ್ತು. ನನ್ನ ಪಕ್ಕದಲ್ಲಿ ಶಂಕರಪುರದ ಮಲ್ಲಿಗೆ ಒಯ್ಯುತ್ತಿದ್ದ ಹೆಂಗಸೊಬ್ಬಳು ನಿಂತಿದ್ದಳು. ಅವಳ ಹೂವಿನ ಬುಟ್ಟಿ ಡ್ರೈವರನ ಪಕ್ಕದ ಎಂಜಿನ್ ಮುಚ್ಚಳದ ಮೇಲಿತ್ತು. ಮಣಿಪಾಲದ ಏರು ಹತ್ತುವಾಗ ಅವಳು ಮುಚ್ಚಳವನ್ನು ಮುಟ್ಟಿ ನೋಡಿ ಕೈ ಕೊಡವಿದಳು.

"ಅಕ್ಕಾ, ಇದರ ಮೇಲೆ ಇಟ್ಟರೆ ಹೂ ಬೆಂದು ಹೋಗ್ತದೆ. ನಿಮ್ಮ ಪೆಟ್ಟಿಗೆ ಇಲ್ಲಿಡುವ, ನನ್ನ ಬುಟ್ಟಿ ನಿಮ್ಮ ಮಡಿಲಲ್ಲಿ ಇಟ್ಟುಕೊಳ್ತೀರಾ? ಪೆಟ್ಟಿಗೆಯಲ್ಲಿ ಬಾಡುವಂಥದ್ದು ಎಂತ ಇಲ್ಲ ಅಲ್ವಾ?"

ಇಲ್ಲ ಎಂದೆ. ಬಾಡುವಂಥದ್ದು ನಿಜವಾಗಿಯೂ ಇರಲಿಲ್ಲ. ಕಾರ್ಕಳದಲ್ಲಿ ಇಳಿದಾಗ ನನ್ನ ಸೀರೆಯೆಲ್ಲ ಮಲ್ಲಿಗೆಯ ಪರಿಮಳ. ಪೆಟ್ಟಿಗೆಯ ತಳ ಮಾತ್ರ ಜಿಡ್ಡುಜಿಡ್ಡಾಗಿತ್ತು.

ಅಲ್ಲಿಯ ಅಯ್ಯನವರು, ಅಂದರೆ ಇಗರ್ಜಿಯ ಪಾದ್ರಿಗಳು, ಹೊಸಬರು. ಅದು ಅವರು ನೋಡಿಕೊಂಡ ಮೊದಲ ಸಭೆ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಕ್ಷಮೆ ಕೇಳುವಂಥ ಸಾಧು ಮನುಷ್ಯ. ಇಬ್ಬರೂ ಸೇರಿ ಪೆಟ್ಟಿಗೆ ಬಿಚ್ಚಿದೆವು. ಅಷ್ಟೂ ಕಡ್ಡಿಗಳು ಕರಗಿ, ಒಂದಾಗಿ, ಪೆಟ್ಟಿಗೆಯ ಆಕಾರದಲ್ಲೇ ಗಟ್ಟಿಯಾಗಿದ್ದವು.

"ಟೀಚರೇ," ಅಯ್ಯನವರು ಮೆಲ್ಲಗೆ ಕೇಳಿದರು, "ಇದು ಒಂದೇ ಬಣ್ಣವಾ?"

ಮರುದಿನ ಆ ಇಟ್ಟಿಗೆಯನ್ನು ಮೀನಿನ ಕತ್ತಿಯಿಂದ ಕಡಿದು ಮಕ್ಕಳಿಗೆ ಹಂಚಿದೆ. ಗೆರೆ ಎಳೆದರೆ ಮೊದಲು ಹಸಿರು, ಎರಡು ಅಂಗುಲ ಹೋಗುವಷ್ಟರಲ್ಲಿ ನೇರಳೆ, ಆಮೇಲೆ ಕೆಸರು. ಏದೆನ್ ತೋಟ, ಆದಾಮ, ಹವ್ವ, ಹಣ್ಣು, ಎಲ್ಲವೂ ಸಂಜೆಯ ಹೊತ್ತಿಗೆ ಒಂದೇ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಹಾವು ಎಲ್ಲಿದೆಯೆಂದು ಮಕ್ಕಳಿಗೇ ಗೊತ್ತಾಗಲಿಲ್ಲ. ಸಭೆಯ ಹಿರಿಯರೊಬ್ಬರು ಬಂದು ಬಾಗಿಲಲ್ಲಿ ನಿಂತು ನೋಡಿದರು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಹಾಲಿನಂಥ ಬಿಳಿ ಪಂಚೆ, ಕೈಯಲ್ಲಿ ಯಾವಾಗಲೂ ಬೈಬಲ್. ಸಮಿತಿಯಲ್ಲಿ ಅವರು ಹೇಳಿದ್ದೇ ಮಾತು.

"ಮೊದಲ ದಿನವೇ ಲೋಕಕ್ಕೆ ಪಾಪ ಬಂದ ಹಾಗೆ ಕಾಣ್ತದೆ," ಎಂದು ಹೇಳಿ ಹೋದರು.

ಆ ಸಂಜೆ ಅಡುಗೆಮನೆಯಿಂದ ಬಣ್ಣ ಮಾಡಲು ಕೂತೆ. ಪಕ್ಕದ ಮನೆಯ ಅಕ್ಕ ಬಂಟರ ಹೆಂಗಸು. ಅವರ ಇಬ್ಬರು ಮಕ್ಕಳೂ ಬಣ್ಣದ ಆಸೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಆ ಅಕ್ಕ ಗೋಡೆಯ ಮೇಲಿನಿಂದ ಒಂದು ತಟ್ಟೆ ಬಸಳೆ ಹಣ್ಣು ಕೊಟ್ಟರು. ಹಿಂಡಿದರೆ ಒಳ್ಳೆಯ ನೇರಳೆ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿದರೆ ಕಾವಿ. ಇದ್ದಿಲಿನಿಂದ ಕಪ್ಪು, ಬಟ್ಟೆಗೆ ಹಾಕುವ ನೀಲಿಯಿಂದ ಆಕಾಶ, ಅರಸಿನದಿಂದ ಹಳದಿ, ಹಳದಿ ಮತ್ತು ನೀಲಿ ಸೇರಿಸಿ ಹುಲ್ಲು. ತೆಂಗಿನ ಕಡ್ಡಿಗೆ ಹತ್ತಿ ಸುತ್ತಿ ಕುಂಚ. ಆದರೆ ಸೈಕ್ಲೋಸ್ಟೈಲ್ ಕಾಗದ ಒತ್ತುಕಾಗದದ ಜಾತಿಯದು, ನೀರು ಕುಡಿಯುತ್ತದೆ. ನೋಹನ ಅಂಗಿಗೆ ಹಚ್ಚಿದ ನೀಲಿ ಹರಡಿಕೊಂಡು ನಾವೆಯನ್ನೂ ಆನೆಯನ್ನೂ ಮುಳುಗಿಸಿತು. ಜಲಪ್ರಳಯದ ಪಾಠಕ್ಕೆ ಅದು ಅಡ್ಡಿಯಾಗಲಿಲ್ಲವಾದರೂ ಮುಂದಿನ ಪಾಠಗಳಿಗೆ ಆಗುತ್ತಿತ್ತು. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಕುದಿಸಿ ದಪ್ಪ ಮಾಡಿ ಬಣ್ಣಕ್ಕೆ ಬೆರೆಸಿದ ಮೇಲೆ ಹರಡುವುದು ನಿಂತಿತು. ಗಂಜಿ ಹೆಚ್ಚಾದರೆ ಜಿರಳೆ ತಿನ್ನುತ್ತದೆ, ಕಡಿಮೆಯಾದರೆ ಹರಡುತ್ತದೆ. ಯೋಸೇಫನ ಬಣ್ಣದ ಅಂಗಿಯಲ್ಲಿ ಅರ್ಧವನ್ನು ಜಿರಳೆಗಳಿಗೆ ಕೊಟ್ಟ ಮೇಲೆ ಸರಿಯಾದ ಅಳತೆ ಸಿಕ್ಕಿತು.

ಮಕ್ಕಳು ಬರತೊಡಗಿದರು. ನಮ್ಮ ಸಭೆಯ ಮಕ್ಕಳು, ಬೀದಿಯ ಮಕ್ಕಳು, ಅವರ ಸೊಂಟದ ಮೇಲಿನ ತಮ್ಮಂದಿರು. ಯಾರೂ ಗೇರುಗುಡ್ಡೆಯ ಹೆಸರೆತ್ತಲಿಲ್ಲ. ಎರಡನೆಯ ವಾರದ ಮೊದಲಿಗೆ ಮೋಶೆಯ ಕಥೆ ಬಂತು: ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹ ಗುಲಾಮರಾಗಿದ್ದ ಜನರನ್ನು ಬಿಡುವುದಿಲ್ಲ ಎಂದಾಗ ಮೋಶೆ ಕೋಲಿನಿಂದ ನೈಲ್ ನದಿಗೆ ಹೊಡೆಯುತ್ತಾನೆ, ನೀರೆಲ್ಲ ರಕ್ತವಾಗುತ್ತದೆ.

ಅದೇ ಹೊತ್ತಿಗೆ ಕೊನೆಯ ಭಾನುವಾರ ಮಂಗಳೂರಿನಿಂದ ದೊಡ್ಡ ಅಯ್ಯನವರು, ಎಲ್ಲ ಅಯ್ಯನವರ ಮೇಲಿನವರು, ಬರುತ್ತಾರೆಂದು ಇಗರ್ಜಿಗೆ ಸುಣ್ಣ ಬಳಿಸುತ್ತಿದ್ದರು. ಜಗಲಿಯಲ್ಲಿ ಒಂದು ಬಾಲ್ದಿ ಸುಣ್ಣದ ನೀರಿತ್ತು. ಮಕ್ಕಳು ನೈಲ್ ನದಿಗೆ ಅರಸಿನ ಹಚ್ಚುತ್ತಿದ್ದರು. ನೀಲಿ ಮುಗಿದಿತ್ತು, ಐಗುಪ್ತದ ನದಿ ಮರಳಿನ ಬಣ್ಣದ್ದು ಎಂದು ನಾನೇ ಹೇಳಿದ್ದೆ. ಹಿರಿಯರ ಮೊಮ್ಮಗಳು, ಏಳೆಂಟು ವರ್ಷದವಳು, ಕುಂಚ ತೊಳೆಯಲು ಹೋಗಿ ನೀರಿನ ತಂಬಿಗೆಯ ಬದಲು ಸುಣ್ಣದ ಬಾಲ್ದಿಗೆ ಅದ್ದಿ ತಂದು ನದಿಯ ಮೇಲೆ ಎಳೆದಳು.

"ಟೀಚರ್! ರಕ್ತ!"

ಎಲ್ಲರೂ ಎದ್ದು ಬಂದರು. ಹಳದಿ ನದಿಯ ನಡುವೆ ಹಸಿ ಕೆಂಪು ಗೆರೆ. ನೋಡುತ್ತಿದ್ದಂತೆಯೇ ಅದು ಗಾಢವಾಯಿತು. ಅರಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿಗೆ, ಆ ಕಥೆಯ ನಡುವೆ, ನನ್ನ ಮೈಯೂ ಒಮ್ಮೆ ಜುಮ್ಮೆಂದಿತು. ಕೂಡಲೇ ಎಲ್ಲರ ನದಿಗೂ ಅರಸಿನ ಹಚ್ಚಿಸಿದೆ. ಒಂದೊಂದು ಮಗುವಿಗೂ ಸುಣ್ಣದ ನೀರಿಗೆ ಅದ್ದಿದ ಕಡ್ಡಿ ಕೊಟ್ಟೆ. ಫರೋಹ ಏನೆಂದ? ಬಿಡುವುದಿಲ್ಲ ಎಂದ. ಆಮೇಲೆ? ಹೊಡಿ! ಆ ಮಧ್ಯಾಹ್ನ ಇಗರ್ಜಿಯ ಜಗಲಿಯಲ್ಲಿ ಎಷ್ಟು ನೈಲ್ ನದಿಗಳು ರಕ್ತವಾದವೋ! ಹಿಂದಿನ ವರ್ಷ ಒಂದು ವಾಕ್ಯ ಹೇಳಲು ತೊದಲುತ್ತಿದ್ದ ಮಕ್ಕಳು ಇಡೀ ಕಥೆಯನ್ನು ಸರಾಗವಾಗಿ ಹೇಳಿದರು. ನಾನು ಹಿಗ್ಗಿಹೋದೆ.

ಹಿಗ್ಗು ಮನೆಗೆ ಹೊರಡುವ ಹೊತ್ತಿನವರೆಗೆ ಇತ್ತು. ಹಿರಿಯರ ಮೊಮ್ಮಗಳು ಚಪ್ಪಲಿ ಹಾಕುತ್ತ ಕೇಳಿದಳು, "ಟೀಚರ್, ಮೋಶೆಯ ಕೋಲಿಗೆ ಸುಣ್ಣ ಹಚ್ಚಿಕೊಟ್ಟದ್ದು ಯಾರು?"

ನಾಳೆ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಮಕ್ಕಳನ್ನು ಕರೆಯಲು ಬಂದ ಪಕ್ಕದ ಮನೆಯ ಅಕ್ಕ ಚಿತ್ರ ನೋಡಿ ಸಂತೋಷಪಟ್ಟರು.

"ಅಯ್ಯೋ, ಇದು ನಮ್ಮ ಕುರ್ದಿ ನೀರು ಅಲ್ವಾ ಟೀಚರೇ! ನಮ್ಮಲ್ಲಿ ಮದುಮಗಳಿಗೆ ಆರತಿ ಎತ್ತಲಿಕ್ಕೆ ಇದನ್ನೇ ಮಾಡುವುದು. ನಿಮ್ಮಲ್ಲಿ ಸಹ ಉಂಟಾ?"

ಅವರ ದನಿ ಸ್ವಲ್ಪ ದೊಡ್ಡದು. ಸುಣ್ಣ ಬಳಿಯುವವರ ಕೆಲಸ ನೋಡುತ್ತ ಹಿರಿಯರು ಗೋಡೆಯ ಆಚೆಗೇ ನಿಂತಿದ್ದರು.

ಇಷ್ಟೇ ಆಗಿದ್ದರೆ ಹೇಗೋ ತೀರುತ್ತಿತ್ತು. ಅದೇ ರಾತ್ರಿ ಊಟಕ್ಕೆ ಕೂತಾಗ ಹಿರಿಯರ ಪಂಚೆಯ ಮೇಲೆ ಮೀನಿನ ಸಾರು ಚೆಲ್ಲಿತಂತೆ. ಮೊಮ್ಮಗಳು ಅಜ್ಜನ ಹತ್ತಿರ ಅತ್ತೆಯ ಮನೆಗೆ ಹೋಗಲು ಕೇಳಿದ್ದಳು, ಅಜ್ಜ ಬಿಡುವುದಿಲ್ಲ ಎಂದಿದ್ದರು. ಅವಳು ಬಚ್ಚಲಿನಿಂದ ಬಟ್ಟೆ ಸಾಬೂನಿನ ನೀರು ತಂದು, "ಅಜ್ಜ, ನೀವು ಫರೋಹ," ಎಂದು ಹೇಳಿ ಪಂಚೆಯ ಮೇಲೆ ಸುರಿದಳಂತೆ. ಸಾಬೂನಿನಲ್ಲಿಯೂ ಸುಣ್ಣದಂಥದ್ದೇ ಕ್ಷಾರ ಇರುತ್ತದೆ. ಸಾರಿನ ಅರಸಿನ ಕೆಂಪಾಗಿ ಹರಡಿತು. ಅವರ ಮನೆಯಾಕೆ ಅಜ್ಜನಿಗೆ ಗಾಯವಾಯಿತೆಂದು ಕೂಗಿಕೊಂಡದ್ದು ಬೀದಿಗೆಲ್ಲ ಕೇಳಿತು.

ಬೆಳಿಗ್ಗೆ ಹಿರಿಯರು ಪಂಚೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಅಯ್ಯನವರ ಮನೆಗೆ ಬಂದರು. ನನ್ನನ್ನು ಕರೆಸಿದರು. ಪಂಚೆಯನ್ನು ಮೇಜಿನ ಮೇಲೆ ಹರಡಿದರು. ಅಯ್ಯನವರು ಅದನ್ನು ನೋಡಿ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು.

"ಟೀಚರೇ, ದೇವರು ಮಾಡಿದ ಕೆಲಸಕ್ಕೆ ನೀವು ಅರಸಿನ ಸುಣ್ಣದ ಲೆಕ್ಕ ಕೊಟ್ಟಿದ್ದೀರಿ. ನನ್ನ ಮೊಮ್ಮಗಳು ಮೋಶೆಯ ಕೋಲಿಗೆ ಸುಣ್ಣ ಹಚ್ಚಿದ್ದು ಯಾರು ಅಂತ ಕೇಳ್ತಾಳೆ. ಅದು ಒಂದು. ಅದು ಪಕ್ಕದ ಮನೆಯವರ ಆರತಿ ನೀರು ಅಂತ ಅವರೇ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ. ಅದು ಎರಡು. ಮೂರನೆಯದ್ದು ಇಲ್ಲಿ ಉಂಟು."

"ಅದು ಮಗು ಕುಂಚ ತಪ್ಪಿ ಅದ್ದಿದ್ದರಿಂದ..." ಎಂದು ಅಯ್ಯನವರು ಶುರು ಮಾಡಿದರು.

"ಅಯ್ಯನವರೇ, ವಿಮೋಚನಕಾಂಡ ತೆಗೆಯಿರಿ. ಐಗುಪ್ತದ ಮಂತ್ರಗಾರರು ಎಂತ ಮಾಡಿದರು? ಅವರೂ ನೀರನ್ನು ರಕ್ತ ಮಾಡಿದರು. ಟೀಚರು ಮಕ್ಕಳಿಗೆ ಕಲಿಸಿದ್ದು ಆ ಮಂತ್ರಗಾರರ ವಿದ್ಯೆ. ದೊಡ್ಡ ಅಯ್ಯನವರ ಮುಂದೆ ಆ ಚಿತ್ರಗಳು ಇರಕೂಡದು. ಇದ್ದರೆ ಮುಂದಿನ ವರ್ಷ ಶಾಲೆಯೂ ಇಲ್ಲ."

ಅಯ್ಯನವರು ನನ್ನ ಮುಖ ನೋಡಿದರು. ಚಿತ್ರಗಳನ್ನು ತೆಗೆದುಬಿಡುವುದು ಸುಲಭವಿತ್ತು. ನೋಹ, ಯೋಸೇಫ, ದಾನಿಯೇಲ ಇದ್ದರು, ಗೋಡೆ ತುಂಬುತ್ತಿತ್ತು. ಆದರೆ ಮಕ್ಕಳು ಅತಿ ಚೆನ್ನಾಗಿ ಕಲಿತ ಕಥೆ ಅದೊಂದೇ. ತೆಗೆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡದೆ ಓಡಿಹೋದ ಹಾಗಾಗುತ್ತಿತ್ತು. ನಾನು ಅಯ್ಯನವರ ಕೈಯಿಂದ ಬೈಬಲ್ ತೆಗೆದುಕೊಂಡು ಆ ಭಾಗ ಓದಿದೆ. ಹಿರಿಯರು ಹೇಳಿದ್ದು ಸರಿ, ಮಂತ್ರಗಾರರೂ ಮಾಡಿದ್ದರು. ಇನ್ನೊಮ್ಮೆ ಓದಿದೆ.

"ಹೌದು ಹಿರಿಯರೇ. ನಾವು ಮಾಡಿದ್ದು ಮಂತ್ರಗಾರರದ್ದೇ," ಎಂದೆ. "ಮಕ್ಕಳಿಗೆ ಹಾಗೆಂದೇ ಹೇಳ್ತೇನೆ. ನಮ್ಮದು ಅರಸಿನ, ಸುಣ್ಣ. ಮೋಶೆಯದ್ದು ಹೇಗೆ ಅಂತ ನನಗೆ ಗೊತ್ತಿಲ್ಲ, ದೇವರಿಗೆ ಗೊತ್ತು. ಇನ್ನೊಂದು ಉಂಟು, ನೋಡಿ. ಮಂತ್ರಗಾರರು ಇನ್ನಷ್ಟು ರಕ್ತ ಮಾಡಿದರು. ಇದ್ದ ರಕ್ತವನ್ನು ನೀರು ಮಾಡಿದರು ಅಂತ ಎಲ್ಲಿಯೂ ಇಲ್ಲ. ಕೆಡಿಸ್ಲಿಕ್ಕೆ ಎಲ್ಲರಿಗೂ ಬರ್ತದೆ, ಸರಿ ಮಾಡ್ಲಿಕ್ಕೆ ಬರುವುದಿಲ್ಲ. ಚಿತ್ರ ಇರಲಿ. ಭಾನುವಾರ ಮಕ್ಕಳನ್ನು ನೀವೇ ಕೇಳಿ. ಅವರು ತಪ್ಪು ಹೇಳಿದರೆ ನಾನೇ ಎಲ್ಲರ ಮುಂದೆ ಚಿತ್ರಗಳನ್ನು ಹರಿದು ಹಾಕ್ತೇನೆ."

ಹಿರಿಯರು ಕನ್ನಡಕ ಹಾಕಿಕೊಂಡು ಆ ಭಾಗವನ್ನು ತಾವೇ ಓದಿದರು. ತುಂಬ ಹೊತ್ತು ಓದಿದರು. ಆಮೇಲೆ ಪಂಚೆಯನ್ನು ಮಡಚಿಕೊಂಡು, "ಭಾನುವಾರ," ಎಂದಷ್ಟೇ ಹೇಳಿ ಎದ್ದರು.

ಆ ಭಾನುವಾರ ಇಗರ್ಜಿಯ ಹೊಸ ಸುಣ್ಣದ ಗೋಡೆಗೆ ಹುರಿ ಕಟ್ಟಿ ಚಿತ್ರಗಳನ್ನು ತೂಗುಹಾಕಿದ್ದೆವು. ನದಿಯ ಚಿತ್ರಗಳಲ್ಲಿ ಅತ್ಯುತ್ತಮವಾದ ಒಂದನ್ನು ರಟ್ಟಿಗೆ ಅಂಟಿಸಿ, ದೊಡ್ಡ ಅಯ್ಯನವರು ಹತ್ತಿರದಿಂದ ನೋಡಲೆಂದು ಅವರ ಮುಂದಿನ ಮೇಜಿನ ಮೇಲಿಟ್ಟೆ. ಜನ ತುಂಬಿದ್ದರು. ಪಕ್ಕದ ಮನೆಯ ಅಕ್ಕನೂ ಒಳ್ಳೆಯ ಸೀರೆಯುಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಹಿರಿಯರು ಎದ್ದು ನಿಂತರು. "ಮಕ್ಕಳೇ, ನೈಲ್ ನದಿಯನ್ನು ರಕ್ತ ಮಾಡಿದ್ದು ಯಾರು?"

"ದೇವರು!"

"ಹಾಗಾದರೆ ಈ ಚಿತ್ರದಲ್ಲಿ ಇರುವುದು?"

"ಅರಸಿನ, ಸುಣ್ಣ!"

"ಅದು ಯಾರ ವಿದ್ಯೆ?"

ಮೊಮ್ಮಗಳು ಎಲ್ಲರಿಗಿಂತ ಮೊದಲು ಕೂಗಿದಳು. "ಮಂತ್ರಗಾರರದ್ದು ಅಜ್ಜ. ಅವರಿಗೆ ವಾಪಸ್ ನೀರು ಮಾಡ್ಲಿಕ್ಕೆ ಬರುವುದಿಲ್ಲ!"

ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ದೊಡ್ಡ ಅಯ್ಯನವರು ತಲೆದೂಗಿ, ಆ ಮಾತನ್ನು ಎತ್ತಿಕೊಂಡು ಸಣ್ಣದೊಂದು ಉಪದೇಶವನ್ನೇ ಮಾಡಿದರು. ಮನುಷ್ಯನಿಗೆ ಕೆಡಿಸುವುದು ಗೊತ್ತು, ಸರಿಮಾಡುವುದು ದೇವರೊಬ್ಬನಿಗೇ ಗೊತ್ತು ಎಂದರು. ಹಾಗೆ ಹೇಳುತ್ತ ಕೈ ಬೀಸಿದರು. ಅಯ್ಯನವರು ಅವರಿಗೆಂದು ತಂದಿಟ್ಟಿದ್ದ ನಿಂಬೆ ಶರಬತ್ತಿನ ಲೋಟ ಉರುಳಿತು. ಶರಬತ್ತು ಇಡಿಯಾಗಿ ನೈಲ್ ನದಿಯ ಮೇಲೆ ಹರಿಯಿತು.

ನಾನು ಒರೆಸಲು ಓಡಿದೆ. ಆದರೆ ನಿಂಬೆಹುಳಿಗೆ ಅವಸರ ಹೆಚ್ಚು. ಮೇಲಿನಿಂದ ಕೆಳಗೆ, ಎಲ್ಲರ ಕಣ್ಣ ಮುಂದೆ, ಕೆಂಪು ನದಿ ಹಳದಿಯಾಗುತ್ತ ಬಂತು. ರಕ್ತದ ಒಂದು ಹನಿಯೂ ಉಳಿಯಲಿಲ್ಲ.

ಅಯ್ಯನವರು ಕಣ್ಣು ಮುಚ್ಚಿಕೊಂಡರು. ಮುಂದಿನ ಸಾಲಿನ ಮಕ್ಕಳು ಮೇಜನ್ನೂ ನನ್ನನ್ನೂ ದೊಡ್ಡ ಅಯ್ಯನವರನ್ನೂ ಸರದಿಯಂತೆ ನೋಡಿದರು. ಹರಿದು ಹಾಕುತ್ತೇನೆಂದು ಮಾತು ಕೊಟ್ಟವಳು ನಾನು. ಒದ್ದೆ ರಟ್ಟನ್ನು ಹರಿಯುವುದು ಹೇಗೆ ಎಂಬ ಯೋಚನೆಯೂ ಬಂದುಹೋಯಿತು.

ಆಗ ಹಿರಿಯರು ಎರಡನೆಯ ಸಲ ಎದ್ದರು. ಬೈಬಲ್ ತೆರೆಯಲೇ ಇಲ್ಲ.

"ಏಳು ದಿನ!" ಎಂದರು, ಕಾರ್ಖಾನೆಯಲ್ಲಿ ಕೆಲಸದವರಿಗೆ ಕೇಳಿಸುವ ದನಿಯಲ್ಲಿ. "ಯೆಹೋವನು ನದಿಯನ್ನು ಹೊಡೆದು ಏಳು ದಿನ ಕಳೆಯಿತು ಅಂತ ಬರೆದುಂಟು. ಆಮೇಲೆ ಕಪ್ಪೆಗಳು ಬಂದವು. ರಕ್ತದಲ್ಲಿ ಕಪ್ಪೆ ಇರ್ತದಾ? ಇಲ್ಲ. ಅಂದರೆ ಏಳು ದಿನಕ್ಕೆ ನೀರು ಸರಿಯಾಗಿತ್ತು. ಟೀಚರು ಅದನ್ನು ಸಹ ತೋರಿಸಿದರು. ಎಂತ ಟೀಚರೇ, ನಾನು ಹೇಳಿದ್ದು ಸರಿ ಅಲ್ವಾ?"

ನಮ್ಮ ನದಿ ಕೆಂಪಾಗಿ ಏಳು ದಿನವಾಗಿತ್ತೋ ಐದೋ ಯಾರೂ ಲೆಕ್ಕ ಹಾಕಲಿಲ್ಲ. ನಾನು ಹೌದು ಎಂದು ತಲೆಯಾಡಿಸಿದೆ. ಬೇರೇನು ಮಾಡಲೂ ಆಗುತ್ತಿರಲಿಲ್ಲ. ದೊಡ್ಡ ಅಯ್ಯನವರು ಅಂಗಿಯ ಒದ್ದೆ ತೋಳನ್ನು ಹಿಂಡುತ್ತ, "ಒಳ್ಳೆಯ ಉಪಾಯ," ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಿಂದ ಪಕ್ಕದ ಮನೆಯ ಅಕ್ಕನ ದನಿ ಮಾತ್ರ ಕೇಳಿತು: "ನಿಂಬೆಹುಳಿ ಬಿದ್ದರೆ ಹಾಗೆಯೇ ಅಲ್ವಾ." ಅದೃಷ್ಟಕ್ಕೆ ಆಗಲೇ ಕೀರ್ತನೆ ಶುರುವಾಗಿತ್ತು.

ಯಾಕೆ ಹಾಗೆ ಮಾಡಿದಿರಿ ಎಂದು ನಾನು ಹಿರಿಯರನ್ನು ಯಾವತ್ತೂ ಕೇಳಲಿಲ್ಲ. ಮೊಮ್ಮಗಳು ಎಲ್ಲರ ಮುಂದೆ ಸೋಲುವುದನ್ನು ನೋಡಲಾರದೆ ಇರಬಹುದು. ತಮಗೆ ಗೊತ್ತಿದ್ದ ವಾಕ್ಯವನ್ನು ಹೇಳದೆ ಇರಲಾರದೆಯೂ ಇರಬಹುದು. ಆರಾಧನೆ ಮುಗಿದ ಮೇಲೆ ಅವರ ಮನೆಯಾಕೆ ನನ್ನನ್ನು ಬದಿಗೆ ಕರೆದು, ನಿಂಬೆಹುಳಿ ಹಾಕಿದರೆ ಪಂಚೆ ಬಿಳಿಯಾಗ್ತದಾ ಎಂದು ಕೇಳಿದರು. ಹಳದಿವರೆಗೆ ಬರ್ತದೆ, ಉಳಿದದ್ದು ಬಿಸಿಲಿಗೆ ಹೋಗ್ತದೆ ಎಂದೆ.

ಮಧ್ಯಾಹ್ನ ದೊಡ್ಡ ಅಯ್ಯನವರ ಕಾರು ಹೊರಟ ಮೇಲೆ ಸಮಿತಿ ಕೂತಿತು. ನನ್ನನ್ನೂ ಕೂರಿಸಿದರು.

"ಬಣ್ಣ ಇರಲಿ," ಎಂದರು ಹಿರಿಯರು. "ಮಕ್ಕಳು ಬಂದಿದ್ದಾರೆ, ಕಲಿತಿದ್ದಾರೆ, ನಾನು ಇಲ್ಲ ಅಂತ ಹೇಳುವುದಿಲ್ಲ. ಆದರೆ ಮುಂದಿನ ವರ್ಷ ಪವಾಡ ಇಲ್ಲದ ಕಥೆ ಆಗಬೇಕು. ಮನೆಗೆ ಬಂದು ಮಾಡಿ ನೋಡುವಂಥದ್ದು ಬೇಡ."

ಅಯ್ಯನವರು ಉತ್ಸಾಹದಿಂದ ಬೈಬಲ್ ತೆರೆದರು. "ಕಾಯಿನ, ಹೇಬೆಲ? ಅದರಲ್ಲಿ ಪವಾಡ ಇಲ್ಲ."

"ಅಣ್ಣ ತಮ್ಮನನ್ನು ಕೊಲ್ಲುವುದಾ?"

ಅಯ್ಯನವರು ಪುಟ ತಿರುವಿದರು. "ಯೋಸೇಫನನ್ನು ಅಣ್ಣಂದಿರು ಗುಂಡಿಗೆ ಹಾಕುವುದು..."

"ನಮ್ಮ ಬಾವಿಗೆ ಕಟ್ಟೆ ಇಲ್ಲ."

"ಸಂಸೋನ?"

"ನರಿಗಳ ಬಾಲಕ್ಕೆ ಬೆಂಕಿ ಕಟ್ಟಿದವನು. ಈ ಬೀದಿಯಲ್ಲಿ ಎಷ್ಟು ನಾಯಿಗಳು ಉಂಟು ಗೊತ್ತುಂಟಾ ನಿಮಗೆ?"

"ದಾವೀದ, ಗೊಲ್ಯಾತ," ಎಂದೆ ನಾನು. "ಬರೇ ಒಂದು ಕವಣೆ, ಒಂದು ಕಲ್ಲು."

ಹಿರಿಯರು ತಲೆಯೆತ್ತಿ ಇಗರ್ಜಿಯ ಕಿಟಕಿಯ ಗಾಜುಗಳನ್ನು ಒಂದೊಂದಾಗಿ ನೋಡಿದರು. ಹೊರಗೆ ಅಂಗಳದಲ್ಲಿ ಮೊಮ್ಮಗಳ ಕೂಗು ಕೇಳುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಜೇಬಿಗೆ ಹಾಕಿದರು.

"ಪವಾಡವೇ ಇರಲಿ ಟೀಚರೇ," ಎಂದರು. "ಪವಾಡವೇ ವಾಸಿ."

ಹಾಗೆಂದು ಸಮಿತಿಯ ಪುಸ್ತಕದಲ್ಲಿ ಬರೆಯುವಂತೆ ಅಯ್ಯನವರಿಗೆ ಹೇಳಿದರು. ಅಯ್ಯನವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ರಜೆಯ ಬೈಬಲ್ ಶಾಲೆ ಮುಂದಿನ ವರ್ಷವೂ ಉಂಟು ಎಂದಷ್ಟೇ ಬರೆದು, ಬೇಗನೆ ಪುಸ್ತಕ ಮುಚ್ಚಿದರು.